ಶನಿವಾರ ಗೆದ್ದವರಿಗೆ ಎಂಟು ದಿನ, ಸೋಮವಾರ ಗೆದ್ದವರಿಗೆ ಆರೇ ದಿನ

ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಸೋಮವಾರದ ಆಟ ಬೇಡ. ಜನವರಿ ಬಂದಾಗಲೆಲ್ಲ ಗೆಳೆಯರ ಹತ್ತಿರ ಇದನ್ನೇ ವಾದಿಸುತ್ತೇನೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

2023ರ ಡಲ್ಲಾಸ್ ಕೌಬಾಯ್ಸ್ ತಂಡವನ್ನೇ ನೋಡಿ. ಜನವರಿ 16, ಸೋಮವಾರ ರಾತ್ರಿ ಎಂಟೂಕಾಲಿಗೆ ಟ್ಯಾಂಪಾದಲ್ಲಿ ಆಟ ಶುರು. 31-14ರಲ್ಲಿ ಗೆದ್ದರು. ಅದೇ ಭಾನುವಾರ ದೇಶದ ಇನ್ನೊಂದು ತುದಿಯ ಸಾಂಟಾ ಕ್ಲಾರಾದಲ್ಲಿ ಫಾರ್ಟಿನೈನರ್ಸ್ ಎದುರು ಆಡಬೇಕಿತ್ತು. ಫಾರ್ಟಿನೈನರ್ಸ್ ಹಿಂದಿನ ಶನಿವಾರವೇ ತಮ್ಮ ಮೈದಾನದಲ್ಲಿ ಸೀಹಾಕ್ಸ್ ತಂಡವನ್ನು ಸೋಲಿಸಿ ಊರಲ್ಲೇ ಇದ್ದರು. ಅವರಿಗೆ ಎಂಟು ದಿನ, ಇವರಿಗೆ ಆರು ದಿನ, ಜೊತೆಗೆ ಅಷ್ಟುದ್ದದ ವಿಮಾನ ಪ್ರಯಾಣ. ಡಲ್ಲಾಸ್ 19-12ರಲ್ಲಿ ಸೋತಿತು. ಡಲ್ಲಾಸ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಆಟಗಾರ) ಡ್ಯಾಕ್ ಪ್ರೆಸ್ಕಾಟ್ ಎರಡು ಇಂಟರ್‌ಸೆಪ್ಷನ್, ಅಂದರೆ ಎದುರಾಳಿಯ ಕೈಸೇರಿದ ಪಾಸ್, ಎಸೆದಿದ್ದಕ್ಕೆ ದಣಿವೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಎರಡು ತಂಡಗಳೂ ಒಂದೇ ಸ್ಥಿತಿಯಲ್ಲಿ ಮೈದಾನಕ್ಕೆ ಇಳಿಯಲಿಲ್ಲ ಅನ್ನುವುದಂತೂ ನಿಜ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಎರಡು ದಿನ ದೊಡ್ಡದಲ್ಲ ಅನ್ನಿಸಬಹುದು. ಈ ಆಟದಲ್ಲಿ ಪ್ರತಿ ಸಲವೂ ಮೈಗೆ ಮೈ ಗುದ್ದುತ್ತದೆ. ವಾರಕ್ಕೆ ಒಂದೇ ಆಟ ಇರುವುದೇ ಅದಕ್ಕೆ. ಪೆಟ್ಟು ಬಿದ್ದ ಕಾಲು ಭಾನುವಾರದ ಹೊತ್ತಿಗೆ ಓಡಬಲ್ಲದೋ ಇಲ್ಲವೋ ಅನ್ನುವುದನ್ನು ಆ ಎರಡು ದಿನಗಳೇ ನಿರ್ಧರಿಸುತ್ತವೆ.

2024ರಲ್ಲಿ ಬಫಲೋ ಬಿಲ್ಸ್‌ಗೆ ಆಗಿದ್ದು ಇದೇ. ಭಾನುವಾರದ ಆಟ ಹಿಮಬಿರುಗಾಳಿಯಿಂದ ಸೋಮವಾರಕ್ಕೆ ಹೋಯಿತು. ಅದು ಸರಿಯಾದ ತೀರ್ಮಾನ, ಜನರ ಜೀವ ಮುಖ್ಯ. ಸ್ಟೀಲರ್ಸ್ ಎದುರು ಗೆದ್ದರೂ ಬಫಲೋದ ರಕ್ಷಣಾ ಆಟಗಾರ, ಲೈನ್‌ಬ್ಯಾಕರ್ ಟೆರೆಲ್ ಬರ್ನಾರ್ಡ್ ಗಾಯಗೊಂಡರು, ಮುಂದಿನ ಆಟಕ್ಕೆ ಬರಲಿಲ್ಲ. ಎದುರಾಳಿ ಕಾನ್ಸಾಸ್ ಸಿಟಿ ಚೀಫ್ಸ್ ಶನಿವಾರವೇ ಆಡಿ ಮುಗಿಸಿದ್ದರು. ಬಫಲೋ ಸೋತಿದ್ದು 27-24ರಲ್ಲಿ. ಬರೀ ಮೂರು ಪಾಯಿಂಟ್! ಬಿರುಗಾಳಿಯನ್ನು ಯಾರೂ ತಡೆಯಲಾರರು. ಆದರೆ ಬಿರುಗಾಳಿ ತಂದ ಅದೇ ಅನ್ಯಾಯವನ್ನು ಲೀಗ್ ಪ್ರತಿ ವರ್ಷ ತಾನೇ ವೇಳಾಪಟ್ಟಿಯಲ್ಲಿ ಬರೆದಿಡುತ್ತದಲ್ಲ, ನನ್ನ ತಕರಾರು ಅದಕ್ಕೆ.

ಅಭಿಮಾನಿಗಳನ್ನಂತೂ ಯಾರೂ ಕೇಳುವುದಿಲ್ಲ. ಅದೇ ಶನಿವಾರ ಕಾನ್ಸಾಸ್ ಸಿಟಿಯಲ್ಲಿ ಮೈನಸ್ 20 ಡಿಗ್ರಿ ಚಳಿ. ಆಟ ಶುರುವಾಗಿದ್ದು ರಾತ್ರಿ ಏಳಕ್ಕೆ. ಮಧ್ಯಾಹ್ನ ಇಟ್ಟಿದ್ದರೆ ಕೊಂಚವಾದರೂ ಬಿಸಿಲಿರುತ್ತಿತ್ತು. ಮನೆಯಲ್ಲಿ ಕೂತು ನೋಡೋಣ ಅಂದರೆ, ಎರಡು ತಂಡಗಳ ಊರು ಬಿಟ್ಟು ಉಳಿದ ಕಡೆಯವರು ಪೀಕಾಕ್ ಅನ್ನುವ ಸ್ಟ್ರೀಮಿಂಗ್ ಸೇವೆಗೆ ದುಡ್ಡು ಕಟ್ಟಬೇಕಿತ್ತು. ಸೋಮವಾರ ರಾತ್ರಿ ಆಟ ಮುಗಿಯುವಾಗ ಹನ್ನೊಂದು ದಾಟಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದವರು ಮನೆ ಸೇರುವುದು ಯಾವಾಗ? 2025ರಲ್ಲಿ ಆ ಸೋಮವಾರದ ಮರುದಿನವಷ್ಟೇ ಅಲ್ಲ, ಸೋಮವಾರವೂ ರಜೆ ಇರಲಿಲ್ಲ.

2022ರ ಜನವರಿಯಲ್ಲಿ ಸೋಮವಾರ ರಾತ್ರಿಯ ಮೊದಲ ಪ್ಲೇಆಫ್ ಆಟ ಗೆದ್ದ ರಾಮ್ಸ್ ತಂಡವೇ ಫೈನಲ್ ಆದ ಸೂಪರ್ ಬೌಲ್ ಗೆದ್ದಿತಲ್ವಾ ಅಂತ ಕೆಲವರು ಕೇಳುತ್ತಾರೆ. ಗೆದ್ದಿತು, ನಿಜ. ಆದರೆ ಅವರ ಮುಂದಿನ ಎದುರಾಳಿ ಟ್ಯಾಂಪಾ ಆಡಿದ್ದು ಭಾನುವಾರ. ವ್ಯತ್ಯಾಸ ಒಂದೇ ದಿನ.

ಯಾರಿಗೆ ಯಾರು ಎದುರಾಗುತ್ತಾರೆ ಅನ್ನುವುದು ಮೊದಲ ಸುತ್ತು ಮುಗಿದ ಮೇಲೇ ಗೊತ್ತಾಗುವುದು. ಹಾಗಾಗಿ ಸೋಮವಾರ ಇರುವ ತನಕ ಈ ಎರಡು ದಿನದ ಅಂತರವನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. 14 ತಂಡಗಳ ಪ್ಲೇಆಫ್ ಶುರುವಾದ ಮೊದಲ ವರ್ಷ, 2021ರ ಜನವರಿಯಲ್ಲಿ, ಶನಿವಾರ ಮೂರು, ಭಾನುವಾರ ಮೂರು ಆಟ ಇಟ್ಟಿದ್ದರು. ಟಿವಿಯಲ್ಲಿ ಆರೂ ಆಟ ಬಂದವು, ಯಾರಿಗೂ ಏನೂ ಕಮ್ಮಿ ಆಗಲಿಲ್ಲ. ಸೋಮವಾರ ಬಂದಿದ್ದು ಆಮೇಲೆ, ಇನ್ನೊಂದು ರಾತ್ರಿಯ ಪ್ರಸಾರ ಮಾರುವುದಕ್ಕೆ. ಆ ಹಳೆಯ ವೇಳಾಪಟ್ಟಿಯನ್ನು ವಾಪಸ್ ತನ್ನಿ.