ಫ್ರಿಟ್ಜ್ ಪೊಲಾರ್ಡ್‌ಗೆ ಪ್ರತಿಭೆ ಕಮ್ಮಿ ಇತ್ತಾ?

"ಪ್ರತಿಭೆ ಇದ್ರೆ ಯಾರೂ ತಡೆಯೋಕಾಗಲ್ಲ" ಅಂತ ವಾರಕ್ಕೊಬ್ಬರಾದರೂ ಪೋಸ್ಟ್ ಹಾಕುತ್ತಾರೆ, ಕೆಳಗೆ ಚಪ್ಪಾಳೆಯೋ ಚಪ್ಪಾಳೆ. ಫ್ರಿಟ್ಜ್ ಪೊಲಾರ್ಡ್ ಬಗ್ಗೆ ಸ್ವಲ್ಪ ಓದಿಕೊಂಡು ಆಮೇಲೆ ಬರೆಯಿರಪ್ಪಾ.

1894ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಕಪ್ಪು ಹುಡುಗ, ಅಪ್ಪ ಕ್ಷೌರಿಕ. ಆಡಿದ್ದು ಅಮೆರಿಕನ್ ಫುಟ್‌ಬಾಲ್. ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಅವುಚಿಕೊಂಡು ಓಡುವುದು, ಓಡುವವನನ್ನು ಕೆಡವಿ ಹಾಕುವುದು. ಇವನೋ 5 ಅಡಿ 9 ಇಂಚು, ಹತ್ತಿರ ಹತ್ತಿರ 75 ಕೆಜಿ. ಕೆಡವಿದ ಮೇಲೂ ಬಿಡುತ್ತಿರಲಿಲ್ಲ, ಬೇಕಂತಲೇ ಮೈಮೇಲೆ ಬಿದ್ದು ತುಳಿಯುವವರಿದ್ದರು. ಅದಕ್ಕೆ ಇವನು ಒಂದು ಉಪಾಯ ಕಲಿತಿದ್ದ. ಬಿದ್ದ ತಕ್ಷಣ ಅಂಗಾತ ಹೊರಳಿ, ಎರಡೂ ಕಾಲೆತ್ತಿ ಸೈಕಲ್ ತುಳಿದ ಹಾಗೆ ಗಾಳಿಯಲ್ಲಿ ಆಡಿಸುವುದು. ಮೇಲೆ ಬೀಳಲು ಬಂದವನಿಗೆ ಮೊದಲು ಸಿಗುತ್ತಿದ್ದುದು ಬೂಟು! ಆಟದ ಜೊತೆ ಇದನ್ನೂ ಕಲಿಯಬೇಕಿತ್ತು ನೋಡಿ, ಉಳಿದ ಆಟಗಾರರಿಗೆ ಈ ಸಿಲಬಸ್ ಇರಲಿಲ್ಲ.

ಬ್ರೌನ್ ವಿಶ್ವವಿದ್ಯಾಲಯದ ಪರ ಆಡಿ 1916ರಲ್ಲಿ ಯೇಲ್, ಹಾರ್ವರ್ಡ್ ಎರಡನ್ನೂ ಸೋಲಿಸಿದ. 1920ರಲ್ಲಿ ವೃತ್ತಿಪರ ಲೀಗ್ ಶುರುವಾಯಿತು, ಇವತ್ತಿನ ಎನ್‌ಎಫ್‌ಎಲ್ (ನ್ಯಾಷನಲ್ ಫುಟ್‌ಬಾಲ್ ಲೀಗ್) ಅದೇ. ಮೊದಲ ವರ್ಷವೇ ಇವನ ತಂಡ ಆಕ್ರನ್ ಪ್ರೋಸ್ ಚಾಂಪಿಯನ್: 8 ಗೆಲುವು, 3 ಡ್ರಾ, ಸೋಲು ಸೊನ್ನೆ. 1921ರಲ್ಲಿ ಆಡುತ್ತಲೇ ತಂಡದ ಕೋಚ್ ಕೂಡ ಆದ. ಆದರೆ ಅದೇ ಆಕ್ರನ್ ಊರಲ್ಲಿ ಬಟ್ಟೆ ಬದಲಾಯಿಸಲು ಅವನು, ಉಳಿದ ಆಟಗಾರರ ಜೊತೆ ಅಲ್ಲ, ತಂಡದ ಮಾಲೀಕನ ಸಿಗಾರ್ ಕಾರ್ಖಾನೆಗೆ ಹೋಗಬೇಕಿತ್ತು. ಚಾಂಪಿಯನ್ ಸಾಹೇಬರು!

ಇನ್ನೆಷ್ಟು ಪ್ರತಿಭೆ ಬೇಕಿತ್ತು ಅಂತೀರಿ?

1926ಕ್ಕೆ ಲೀಗ್‌ನಲ್ಲಿ ಅವನ ಆಟ ಮುಗಿಯಿತು. 1934ರಿಂದ 1945ರವರೆಗೆ ಲೀಗ್‌ನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇಲ್ಲ. ನಿಯಮ ಎಲ್ಲೂ ಬರೆದಿರಲಿಲ್ಲ, ಮಾಲೀಕರನ್ನು ಕೇಳಿದರೆ ಹಾಗೇನೂ ಇಲ್ಲ ಅನ್ನುತ್ತಿದ್ದರು. ಪೊಲಾರ್ಡ್ ಸುಮ್ನೆ ಕೂರಲಿಲ್ಲ, ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಬ್ರೌನ್ ಬಾಂಬರ್ಸ್ ಅನ್ನುವ ಕಪ್ಪು ಆಟಗಾರರ ತಂಡಕ್ಕೆ ಕೋಚ್ ಆದ, ಪತ್ರಿಕೆ ನಡೆಸಿದ, ತೆರಿಗೆ ಸಲಹೆಗಾರನೂ ಆದ.

1946ರಲ್ಲಿ ಬಾಗಿಲು ತೆರೆದಿದ್ದಾದರೂ ಹೇಗೆ? ಮಾಲೀಕರ ಮನಸ್ಸು ಕರಗಿತು ಅಂದುಕೊಳ್ಳಬೇಡಿ. ರ‍್ಯಾಮ್ಸ್ ತಂಡ ಲಾಸ್ ಏಂಜಲೀಸ್‌ಗೆ ಬಂತು, ಅಲ್ಲಿನ ಕೊಲಿಸಿಯಂ ಸಾರ್ವಜನಿಕರ ದುಡ್ಡಿನ ಕ್ರೀಡಾಂಗಣ. ಕಪ್ಪು ಪತ್ರಕರ್ತರು ಪಟ್ಟು ಹಿಡಿದರು: ನಮ್ಮ ತೆರಿಗೆ ಬೇಕು, ನಮ್ಮ ಹುಡುಗರು ಬೇಡವಾ? ಆಗ ಕೆನ್ನಿ ವಾಷಿಂಗ್ಟನ್‌ಗೆ ಕರೆ ಬಂತು. ಅವನು 1939ರಲ್ಲೇ ಕಾಲೇಜು ಫುಟ್‌ಬಾಲ್‌ನ ದೊಡ್ಡ ಹೆಸರು. ಅಷ್ಟು ವರ್ಷವೂ ಪ್ರತಿಭೆ ಇತ್ತಲ್ವಾ, ಏನು ಮಾಡಿತು? ಕೆಲಸ ಮಾಡಿದ್ದು ಒತ್ತಡ.

ಪೊಲಾರ್ಡ್ ನಂತರ ಎನ್‌ಎಫ್‌ಎಲ್‌ನಲ್ಲಿ ಮತ್ತೊಬ್ಬ ಕಪ್ಪು ಮುಖ್ಯ ಕೋಚ್ ಬಂದಿದ್ದು 1989ರಲ್ಲಿ, ಆರ್ಟ್ ಶೆಲ್. ಪೊಲಾರ್ಡ್ ಅಷ್ಟರಲ್ಲಿ ತೀರಿಕೊಂಡು ಮೂರು ವರ್ಷ ಆಗಿತ್ತು. ವೃತ್ತಿಪರ ಫುಟ್‌ಬಾಲ್‌ನ ದಿಗ್ಗಜರಿಗೆ ಕೊಡುವ ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು 2005ರಲ್ಲಿ.

1921ರಲ್ಲಿ ಆಕ್ರನ್ ತಂಡಕ್ಕೆ ಎಲ್ಜೀ ಟೋಬಿನ್ ಅನ್ನುವವನೂ ಕೋಚ್ ಆಗಿದ್ದ, ಪೊಲಾರ್ಡ್ ಒಬ್ಬನೇ ಅಲ್ಲ ಅಂತ ಕೊಂಕು ತೆಗೆಯುವವರೂ ಇದ್ದಾರೆ. ಸರಿ ಸ್ವಾಮಿ, ಅರ್ಧ ಕೋಚ್ ಅಂತಲೇ ಲೆಕ್ಕ ಹಾಕಿ. ಆ ಅರ್ಧದ ನಂತರ 68 ವರ್ಷ ಯಾಕೆ ಬೇಕಾಯಿತು ಅನ್ನುವುದಕ್ಕೆ ಮಾತ್ರ ಕಾಮೆಂಟ್‌ನಲ್ಲಿ ಉತ್ತರ ಬರೆಯಿರಿ.