ರಿಫ್ರೆಶ್ ಮಾಡಿದರೆ ಚಕ್ಕುಲಿ ಅಗ್ಗ

ನಾನು ನೋಡಿಕೊಳ್ಳುವ ವೆಬ್‌ಸೈಟುಗಳಲ್ಲಿ ಒಂದು ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾರುತ್ತದೆ. ಬೆಂಗಳೂರಿನ ಹಳೇ ಅಂಗಡಿ. ಹೆಸರು ಬೇಡ. ಯಜಮಾನರು ಒಳ್ಳೆಯವರು. ಬಿಲ್ಲಿನ ದುಡ್ಡು ಹೊತ್ತಿಗೆ ಸರಿಯಾಗಿ ಕೊಡುತ್ತಾರೆ, ಜೊತೆಗೆ ಒಂದು ಪೊಟ್ಟಣ ಕೊಬ್ಬರಿ ಮಿಠಾಯಿಯನ್ನೂ. ಸೈಟು ಕಟ್ಟಿದ ಹುಡುಗ ಮಾತ್ರ ಯಾವುದೋ ದೊಡ್ಡ ಕಂಪನಿ ಸೇರಿ ಫೋನ್ ನಂಬರ್ ಬದಲಾಯಿಸಿಕೊಂಡಿದ್ದ. ಹೀಗೆ ಅದು ನನ್ನ ಪಾಲಿಗೆ ಬಂತು.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ವೆಬ್‌ಸೈಟು ಕಟ್ಟುವ ಫ್ಲಾಸ್ಕ್ ಎಂಬ ಸಲಕರಣೆ ಬಳಸಿ ಬರೆದ ಸೈಟು. ಗುನಿಕಾರ್ನ್ ಎಂಬ ಸರ್ವರ್ ಅದನ್ನು ಒಂದೇ ಒಂದು ಪ್ರೊಸೆಸ್ಸಿನಲ್ಲಿ, ಅಂದರೆ ಪ್ರೋಗ್ರಾಮಿನ ಒಂದೇ ಪ್ರತಿಯಾಗಿ, ಓಡಿಸುತ್ತಿತ್ತು. ಬಂದವರಿಗೆಲ್ಲ ಆ ಒಬ್ಬನೇ ಉತ್ತರ ಕೊಡಬೇಕು. ನಿಧಾನ, ಆದರೆ ನೆನಪು ಗಟ್ಟಿ.

ಗೌರಿ ಹಬ್ಬ ಹತ್ತಿರ ಬಂದಾಗ ಯಜಮಾನರು ಫೋನ್ ಮಾಡಿದರು. “ಹೋದ ವರ್ಷ ಸೈಟು ತೆವಳ್ತಿತ್ತು ಕಣ್ರೀ. ಈ ಸಲ ಏನಾದ್ರೂ ಮಾಡಿ.” ಗುನಿಕಾರ್ನ್ ಮಾಡಿದವರೇ ಇದಕ್ಕೊಂದು ಲೆಕ್ಕ ಕೊಟ್ಟಿದ್ದಾರೆ. ಸೈಟು ಓಡುವ ಕಂಪ್ಯೂಟರಿನಲ್ಲಿ ಎಷ್ಟು ಕೋರ್ (ಲೆಕ್ಕ ಮಾಡುವ ಮಿದುಳು) ಇದೆಯೋ ಅದರ ಎರಡರಷ್ಟು, ಮೇಲೊಂದು. ನಮ್ಮದು 2 ಕೋರ್, ಅಂದರೆ 5 ಪ್ರೊಸೆಸ್. ಒಂದು ಅಂಕಿ ಬದಲಾಯಿಸಿ ರೀಸ್ಟಾರ್ಟ್ ಮಾಡಿದರೆ ಮುಗಿಯಿತು. ಸೈಟು ಓಡತೊಡಗಿತು. ಅದರ ಹಿಂದೆಯೇ ಫೋನುಗಳೂ ಶುರುವಾದವು.

ಹೋಟೆಲಿನಲ್ಲಿ ಒಬ್ಬ ಮಾಣಿಗೆ ‘ಒಂದು ಮಸಾಲೆ, ಚಟ್ನಿ ಬೇರೆ ಬಟ್ಟಲಲ್ಲಿ’ ಎಂದು ಹೇಳಿ ಕಾಯುತ್ತಿರುತ್ತೀರಿ. ಇನ್ನೊಬ್ಬ ಬಂದು ‘ಏನ್ ಕೊಡ್ಲಿ ಸಾರ್?’ ಎನ್ನುತ್ತಾನೆ. ಐದು ಪ್ರೊಸೆಸ್ ಎಂದರೂ ಇದೇ. ಒಂದರ ಮೆಮೊರಿಯಲ್ಲಿ ಇರುವುದು ಇನ್ನೊಂದಕ್ಕೆ ಕಾಣುವುದಿಲ್ಲ. ನೀವು ಒತ್ತಿದ ಪ್ರತಿ ಕ್ಲಿಕ್ಕೂ ಆ ಹೊತ್ತಿಗೆ ಯಾವುದು ಬಿಡುವಾಗಿದೆಯೋ ಅದರ ಕೈಗೆ ಹೋಗುತ್ತದೆ. ನಮ್ಮ ಹುಡುಗನೋ, ಗ್ರಾಹಕರ ಕಾರ್ಟನ್ನು ಪ್ರೊಸೆಸ್ಸಿನ ಮೆಮೊರಿಯಲ್ಲೇ ಇಟ್ಟಿದ್ದ. ಎರಡು ಕೇಜಿ ಚಕ್ಕುಲಿ ಹಾಕಿದವರಿಗೆ ಮುಂದಿನ ಪುಟದಲ್ಲಿ ಖಾಲಿ ಕಾರ್ಟು.

ಲಾಗಿನ್ ಕತೆ ಇನ್ನೂ ಚೆಂದ. ಲಾಗಿನ್ ಆದವರಿಗೆ ಫ್ಲಾಸ್ಕ್ ಒಂದು ಕುಕಿ ಕೊಡುತ್ತದೆ, ಅಂದರೆ ಬ್ರೌಸರ್ ಇಟ್ಟುಕೊಂಡು ಪ್ರತಿ ಸಲ ತೋರಿಸುವ ಗುರುತಿನ ಚೀಟಿ. ಅದು ಅಸಲಿ ಎಂದು ಗೊತ್ತಾಗಲು ಒಂದು ಸೀಕ್ರೆಟ್ ಕೀ ಬಳಸಿ ಸಹಿ ಹಾಕುತ್ತದೆ. ಆ ಕೀಯನ್ನು ಒಂದು ಕಡೆ ಬರೆದಿಡಬೇಕಲ್ವಾ? ಪುಣ್ಯಾತ್ಮ, ಪ್ರೋಗ್ರಾಂ ಶುರುವಾದಾಗಲೆಲ್ಲ ಹೊಸ ಕೀ ಹುಟ್ಟುವಂತೆ ಬರೆದಿದ್ದ. ಐದು ಪ್ರೊಸೆಸ್, ಐದು ಕೀ. ಒಂದು ಹಾಕಿದ ಸಹಿ ಉಳಿದ ನಾಲ್ಕಕ್ಕೂ ಖೋಟಾ.

ಗ್ರಾಹಕಿಯೊಬ್ಬರು ಫೋನಿನಲ್ಲಿ ಕೇಳಿದರು. “ಮೇಲೆ ನನ್ನ ಹೆಸರು ಬರತ್ತೆ, ಹೋಗತ್ತೆ, ಮತ್ತೆ ಬರತ್ತೆ. ನಾನು ಲಾಗಿನ್ ಆಗಿದೀನೋ ಇಲ್ವೋ ಅಷ್ಟು ಹೇಳಿ.”

“ಐದರಲ್ಲಿ ಒಂದು ಪಾಲು ಆಗಿದೀರಿ ಮೇಡಂ.”

ಅವರು ಯಜಮಾನರಿಗೆ ದೂರು ಕೊಟ್ಟರು. ಉತ್ತರ ಸರಿಯಾಗೇ ಇತ್ತು, ಆದರೂ ಕೊಟ್ಟರು.

ಈ ತೊಂದರೆಗಳ ಗುಣವೇ ಹಾಗೆ. ಪರೀಕ್ಷಿಸಲು ಕೂತರೆ ಸಿಗುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಒಂದೇ ಪ್ರೊಸೆಸ್, ಅಲ್ಲಿ ಎಲ್ಲವೂ ಸುಸೂತ್ರ. ಇನ್ನು ಯಾರೇ ಫೋನ್ ಮಾಡಿದರೂ ನಾವು ಮೊದಲು ಹೇಳುವುದು ‘ಒಂದ್ಸಲ ರಿಫ್ರೆಶ್ ಮಾಡಿ ನೋಡಿ’ ಎಂದು. ಮಾಡಿದರೆ ಬೇರೆ ಪ್ರೊಸೆಸ್ ಉತ್ತರ ಕೊಟ್ಟು ಸರಿಯಾದ ಹಾಗೆ ಕಾಣುತ್ತದೆ. ಅವರು ಥ್ಯಾಂಕ್ಸ್ ಹೇಳಿ ಫೋನ್ ಇಡುತ್ತಾರೆ. ಮುಂದಿನ ಕ್ಲಿಕ್ಕಿಗೆ ಮತ್ತೆ ಫೋನ್.

ಗೆಳೆಯನೊಬ್ಬ ಸ್ಟಿಕಿ ಸೆಷನ್ ಹಾಕು ಎಂದ. ಒಬ್ಬ ಗ್ರಾಹಕರನ್ನು ಯಾವಾಗಲೂ ಒಂದೇ ಪ್ರೊಸೆಸ್ಸಿಗೆ ಕಳಿಸುವ ಉಪಾಯ. ಮುಂದುಗಡೆ ಎಂಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರ್ ಇದ್ದರೆ, ಬಂದವರ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಅವರ ನಂಬರು) ನೋಡಿ ಹಂಚುವ ವ್ಯವಸ್ಥೆ ಸಿದ್ಧವಾಗೇ ಇದೆ. ಐದನ್ನೂ ಬೇರೆ ಬೇರೆ ಪೋರ್ಟಿನಲ್ಲಿ, ಅಂದರೆ ಬೇರೆ ಬೇರೆ ಬಾಗಿಲಲ್ಲಿ, ಕೂರಿಸಿ ನೋಡಿದ್ದಾಯಿತು. ಆದರೆ ಎಂಜಿನ್‌ಎಕ್ಸ್ ವಿಳಾಸದ ನಾಲ್ಕು ಭಾಗಗಳಲ್ಲಿ ಮೊದಲ ಮೂರನ್ನು ಮಾತ್ರ ನೋಡುತ್ತದೆ. ಆ ಮೂರು ಒಂದೇ ಇದ್ದವರೆಲ್ಲ ಒಂದೇ ಕಡೆ. ಮೊಬೈಲ್ ನೆಟ್‌ವರ್ಕಿನವರು ಬೇರೆ, ಸಾವಿರಾರು ಜನರನ್ನು ಒಂದೇ ವಿಳಾಸದ ಹಿಂದೆ ಕೂರಿಸಿರುತ್ತಾರೆ. ನಮ್ಮ ಗ್ರಾಹಕರೆಲ್ಲ ಮೊಬೈಲಿನವರೇ. ಒಂದು ಪ್ರೊಸೆಸ್ ಬೆವರು ಸುರಿಸಿ ದುಡಿಯಿತು, ಉಳಿದವು ಹೆಚ್ಚುಕಮ್ಮಿ ಸುಮ್ನೆ ಕೂತವು. ಅಲ್ಲದೆ ಆ ಪ್ರೊಸೆಸ್ ರೀಸ್ಟಾರ್ಟ್ ಆದರೆ ಕಾರ್ಟೂ ಮಾಯ. ಸ್ಟಿಕಿ ಸೆಷನ್ ರೋಗ ಮುಚ್ಚಿಡುವ ಔಷಧ ಎನ್ನುವುದು ನನ್ನ ಅಭಿಪ್ರಾಯ. ಗೆಳೆಯ ಒಪ್ಪುವುದಿಲ್ಲ.

ಕೊನೆಗೆ ರೆಡಿಸ್ ಹಾಕಿದೆ. ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಹೊರತಂದ ಸಾಫ್ಟ್‌ವೇರ್ ಅದು. ತನ್ನ ಮೆಮೊರಿಯಲ್ಲೇ ಎಲ್ಲವನ್ನೂ ಇಟ್ಟುಕೊಂಡು ಕೇಳಿದವರಿಗೆ ತಕ್ಷಣ ಕೊಡುತ್ತದೆ. ಎಲ್ಲ ಪ್ರೊಸೆಸ್ಸುಗಳೂ ಅದನ್ನೇ ಕೇಳುವುದರಿಂದ ಐವರಿಗೂ ಒಂದೇ ಲೆಕ್ಕದ ಪುಸ್ತಕ. ಕಾರ್ಟು ಅಲ್ಲಿಗೆ ಹೋಯಿತು. ಸೀಕ್ರೆಟ್ ಕೀ ಸರ್ವರಿನ ಸೆಟ್ಟಿಂಗಿಗೆ ಬಂತು. ಫೋನುಗಳು ನಿಂತವು.

ಅಷ್ಟರಲ್ಲಿ ಯಜಮಾನರು ಚಕ್ಕುಲಿ ರೇಟು ಕೇಜಿಗೆ 400ರಿಂದ 440ಕ್ಕೆ ಏರಿಸಿದರು. ಎಣ್ಣೆ ತುಟ್ಟಿಯಾಗಿತ್ತು. ರೇಟಿನ ಪಟ್ಟಿಯನ್ನು ಸಲಸಲಕ್ಕೂ ಡೇಟಾಬೇಸಿನಿಂದ ತರಬಾರದೆಂದು ಹಳೆಯ ಹುಡುಗ ಅದನ್ನೂ ಪ್ರೊಸೆಸ್ಸಿನೊಳಗೇ ಒಂದು ಗಂಟೆ ಕ್ಯಾಶ್ ಮಾಡಿದ್ದ, ಅಂದರೆ ನಕಲು ತೆಗೆದು ಇಟ್ಟಿದ್ದ. ಕೋಡಿನ ಇನ್ನೊಂದು ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ. ಯಜಮಾನರು ಒತ್ತಿದ ಸೇವ್ ಬಟನ್ ಯಾವ ಪ್ರೊಸೆಸ್ಸಿಗೆ ತಲುಪಿತೋ ಅದು 440 ಎಂದಿತು. ಉಳಿದವು 400ಕ್ಕೇ ಅಂಟಿಕೊಂಡವು.

ಒಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಓಡಾಡಿತು. ‘ರೇಟು ಜಾಸ್ತಿ ತೋರಿಸಿದರೆ ರಿಫ್ರೆಶ್ ಮಾಡ್ತಾ ಇರಿ, ಇಳಿಯತ್ತೆ.’ ನಮ್ಮ ಜನಕ್ಕೆ ಇಷ್ಟು ಸಾಕು. ಚೌಕಾಸಿ ಮಾಡಲು ಬಾಯಿ ಬೇಡ, ಹೆಬ್ಬೆರಳು ಸಾಕು ಎಂದಾದರೆ ಯಾರು ಬಿಡುತ್ತಾರೆ? ಚಕ್ಕುಲಿ ಬೇಡದವರೂ ಆರ್ಡರ್ ಮಾಡಿದರು. 400ಕ್ಕೆ ಇಳಿದ ಮೇಲೂ ಇನ್ನೂ ಇಳಿಯಬಹುದೆಂದು ಕೆಲವರು ರಿಫ್ರೆಶ್ ಮಾಡುತ್ತಲೇ ಇದ್ದರು. ಮಾಡಿ ಮಾಡಿ 440 ಬಂದಾಗ ಬೈದುಕೊಂಡರು.

ರೇಟಿನ ಕ್ಯಾಶನ್ನೂ ರೆಡಿಸ್‌ಗೆ ಸಾಗಿಸಿ, ರೇಟು ಬದಲಾದ ತಕ್ಷಣ ಹಳೆಯದು ಅಳಿಯುವಂತೆ ಮಾಡಿದ್ದಾಯಿತು. ಎಲ್ಲರಿಗೂ 440. ಯಜಮಾನರ ಫೋನಿನಲ್ಲಿ ಮಾತ್ರ 400. ಅವರ ಬ್ರೌಸರ್ ಆ ಪುಟವನ್ನು ತನ್ನಲ್ಲೇ ಕೂಡಿಟ್ಟುಕೊಂಡಿತ್ತು. ಒಂದು ದಿನ ಇಟ್ಟುಕೋ ಎಂದು ನಮ್ಮ ಸೈಟೇ ಅದಕ್ಕೆ ಹೇಳಿತ್ತು. ಫೋಟೋಗಳಿಗೆ ಹೇಳಬೇಕಾದ ಮಾತನ್ನು ರೇಟಿನ ಪುಟಕ್ಕೂ ಹೇಳಿಬಿಟ್ಟಿದ್ದ, ಅದೇ ಹುಡುಗ.

ಹಾಗೆ ನೋಡಿದರೆ ನಾವು ಅಗ್ಗದಲ್ಲೇ ಪಾರಾದೆವು. 2015ರ ಕ್ರಿಸ್ಮಸ್ ದಿನ ವಿಡಿಯೋ ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಒಬ್ಬರ ಖಾತೆಯ ಪುಟ ಇನ್ನೊಬ್ಬರಿಗೆ ಕಾಣತೊಡಗಿತ್ತು. ಸೈಟಿನ ಮೇಲೆ ನಡೆದ ದಾಳಿಯನ್ನು ತಡೆಯಲು ಹಾಕಿದ ಕ್ಯಾಶ್ ಸೆಟ್ಟಿಂಗು ಎಡವಟ್ಟಾಗಿ, ಲಾಗಿನ್ ಆದವರ ಪುಟವನ್ನೂ ಕೂಡಿಟ್ಟು ಬೇರೆಯವರಿಗೆ ತೋರಿಸಿತ್ತು. ಸುಮಾರು 34 ಸಾವಿರ ಜನರ ವಿವರ ಹೀಗೆ ಕಂಡಿರಬಹುದೆಂದು ಕಂಪನಿಯೇ ಹೇಳಿತು. ನಮ್ಮಲ್ಲಿ ಹೋಗಿದ್ದು ಕೇಜಿಗೆ ನಲವತ್ತು ರೂಪಾಯಿ.

ಇದನ್ನೆಲ್ಲ ಯಜಮಾನರಿಗೆ ವಿವರಿಸಿದೆ. ತಾಳ್ಮೆಯಿಂದ ಕೇಳಿದರು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, “ಆ ರಿಫ್ರೆಶ್ ಆಫರ್ ಇತ್ತಲ್ಲ, ಅವತ್ತು ಆರ್ಡರ್ ಜಾಸ್ತಿ ಬಂದಿತ್ತು ಕಣ್ರೀ. ದೀಪಾವಳಿಗೆ ಇನ್ನೊಂದ್ಸಲ ಹಾಕಕ್ಕಾಗತ್ತಾ?” ಎಂದರು.

“ಕೆಡಿಸೋದಕ್ಕೆ ಬೇರೆ ಬಿಲ್ ಆಗತ್ತೆ ಸಾರ್” ಎಂದೆ.