ಲಿವರ್ ತೊಳೆಯೋ ಪುಡಿ

ನಿನ್ನೆ ದಾವಣಗೆರೆಯಲ್ಲಿ ಅಕ್ಕನ ಮೊಮ್ಮಗಳ ನಾಮಕರಣ. ಹೋಳಿಗೆ ಮೇಲೆ ತುಪ್ಪ ಹಾಕಿಸ್ಕೊಂಡು ಇನ್ನೂ ಒಂದು ತುತ್ತು ಬಾಯಿಗಿಟ್ಟಿಲ್ಲ, ಎದುರು ಪಂಕ್ತಿಯಲ್ಲಿ ಕೂತಿದ್ದ ದೊಡ್ಡಪ್ಪ ನಮ್ಮ ಭಾವನ್ನ ನೋಡಿ "ಏನ್ ಅಳಿಯಂದ್ರೇ, ಫ್ಯಾಟಿ ಲಿವರ್ ಅಂತೆ? ಒಳಗೊಳಗೇ ತಗೋತೀರೇನೋ" ಅಂತ ಇಡೀ ಪಂಕ್ತಿಗೆ ಕೇಳೋ ಹಾಗೆ ಅಂದ್ಬಿಟ್ರು. ಪಾಪ ನಮ್ಮ ಭಾವ, ಎಳನೀರು ಸ್ವಲ್ಪ ಹುಳಿ ಬಂದಿದ್ರೂ ಕುಡಿಯದ ಮನುಷ್ಯ. ಮುಖ ಕೆಂಪಗಾಗಿ ಪಲ್ಯ ನೋಡ್ತಾ ಕೂತ್ರು.

ಅಷ್ಟಕ್ಕೇ ಮುಗಿದಿದ್ರೆ ನಾನೂ ಸುಮ್ಮನಿರ್ತಿದ್ದೆ. ಕೈ ತೊಳೆಯೋಕೆ ಹೋದ್ರೆ ಅಲ್ಲಿ ಬೀಗರ ಕಡೆ ಅಂಕಲ್ ಒಬ್ರು ಸ್ಟೀಲ್ ಲೋಟದಲ್ಲಿ ಅದೇನೋ ಹಸಿರು ಪುಡಿ ಕದಡಿ ಭಾವನ ಕೈಗೆ ಕೊಡ್ತಿದಾರೆ. "ಇಪ್ಪತ್ತೊಂದು ದಿನ ಸಾರ್, ಲಿವರ್ ತೊಳೆದು ಇಟ್ಟಂಗಾಗುತ್ತೆ." ತಿಂಗಳಿಗೆ 2,500 ರೂಪಾಯಿ ಅಂತೆ. ತೊಳೆಯೋಕೆ ಲಿವರ್ ಏನು ಮುಸುರೆ ಪಾತ್ರೆನಾ?

ಇಷ್ಟು ವರ್ಷದಿಂದ ಲ್ಯಾಬಲ್ಲಿ ನಿಮ್ಮೆಲ್ಲರ ರಕ್ತ ತಿರುಗಿಸ್ಕೊಂಡು ಬದುಕ್ತಿರೋಳು ನಾನು ಅಂತ ನಿಮಗೆ ಗೊತ್ತೇ ಇದೆ. ಕೆಲವ್ರ ಟ್ಯೂಬ್ ಸೆಂಟ್ರಿಫ್ಯೂಜಿಂದ ಆಚೆ ತೆಗೆದ್ರೆ ಮೇಲಿನ ಸೀರಂ ತಿಳಿ ಹಳದಿ ಇರೋ ಬದಲು ಮಜ್ಜಿಗೆ ಥರ ಬೆಳ್ಳಗೆ ನಿಂತಿರುತ್ತೆ. ಟ್ರೈಗ್ಲಿಸರೈಡ್ ಅದು, ರಕ್ತದಲ್ಲಿ ಓಡಾಡೋ ಕೊಬ್ಬು. ಅದನ್ನ ನೋಡಿದಾಗೆಲ್ಲ ನಂಗೆ ಅನ್ಸೋದು ಒಂದೇ, ಎಲ್ರೂ ಲಿವರ್‌ನ ಬೈತಾರೆ, ಹೊಟ್ಟೆನ ಯಾರೂ ಕೇಳಲ್ಲ.

ಹೊಟ್ಟೆ ಬೊಜ್ಜು ಅಂದ್ರೆ ಸುಮ್ನೆ ಮೂಲೆಲಿ ಬಿದ್ದಿರೋ ಗೋಣಿಚೀಲ ಅಂದ್ಕೊಂಡಿದೀವಿ ನಾವು. ಅದು ಚೀಲ ಅಲ್ಲ ಮಾರಾಯ್ರೇ, ಥೈರಾಯ್ಡ್ ಹೇಗೋ ಹಾಗೆ ಅದೂ ಹಾರ್ಮೋನ್ ಬಿಡೋ ಅಂಗ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಯೂನಿವರ್ಸಿಟಿಯ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಜೀನ್ ಕಂಡುಹಿಡೀತು. ಕೊಬ್ಬಿನ ಕಣದಿಂದ ಹೊರಟು ಮೆದುಳಿಗೆ ಹೋಗಿ "ಸಾಕು, ಸ್ಟಾಕ್ ಇದೆ" ಅಂತ ಹೇಳೋ ಹಾರ್ಮೋನ್ ಅದು. ಹಾಗಾದ್ರೆ ದಪ್ಪ ಇರೋರಿಗೆ ಲೆಪ್ಟಿನ್ ಕಮ್ಮಿ ಇರ್ಬೇಕಲ್ವಾ? ಉಲ್ಟಾ. ಧಾರಾಳವಾಗಿರುತ್ತೆ, ಮೆದುಳೇ ಕೇಳಿಸ್ಕೊಳ್ಳಲ್ಲ, ದಿನಾ ಕೂಗೋ ಅತ್ತೆ ಮಾತು ಸೊಸೆ ಕಿವಿಗೆ ಬೀಳದ ಹಾಗೆ. ಜೊತೆಗೆ ಲಿವರ್ ಒಳಗೆ ಆ ಹೆಚ್ಚಿನ ಲೆಪ್ಟಿನ್ ಗಾಯದ ಕಲೆ ಥರ ನಾರು ಕಟ್ಟೋದಕ್ಕೆ ಬೇರೆ ಕುಮ್ಮಕ್ಕು ಕೊಡುತ್ತೆ.

ಇನ್ನೊಂದು ಅಡಿಪೋನೆಕ್ಟಿನ್. ಇದು ಒಳ್ಳೇ ಮಗ. ಲಿವರ್‌ಗೆ ಹೋಗಿ ಕೊಬ್ಬು ಉರಿಸು ಅನ್ನುತ್ತೆ, ಇನ್ಸುಲಿನ್ ಮಾತು ಕೇಳೋ ಹಾಗೆ ಮಾಡುತ್ತೆ, ಉರಿಯೂತ ತಗ್ಗಿಸುತ್ತೆ. ಕೊಬ್ಬಿಂದಲೇ ಹುಟ್ಟೋದು, ಆದ್ರೆ ಹೊಟ್ಟೆ ಬೆಳೆದಷ್ಟೂ ಇದು ಕಮ್ಮಿ ಆಗುತ್ತೆ! ಆ ಜಾಗಕ್ಕೆ ಉರಿಯೂತ ಎಬ್ಬಿಸೋ ಟಿಎನ್‌ಎಫ್ ಥರದ ಪುಂಡರು ಬರ್ತಾರೆ, ಇನ್ಸುಲಿನ್ ಮಾತಿಗೆ ಬೆಲೆ ಇರಲ್ಲ, ಕೊಬ್ಬಿನ ಕಣಗಳು ಒಳಗಿದ್ದ ಫ್ಯಾಟಿ ಆಸಿಡ್‌ನ ಬೇಕಾಬಿಟ್ಟಿ ರಕ್ತಕ್ಕೆ ಬಿಡ್ತವೆ. ಕರುಳಿನ ಸುತ್ತ ಇರೋ ಬೊಜ್ಜಿನ ರಕ್ತ ಪೋರ್ಟಲ್ ವೇನ್ ಅನ್ನೋ ರಕ್ತನಾಳ ಹಿಡ್ಕೊಂಡು ನೇರ ಲಿವರ್‌ಗೇ ಬರೋದು, ಮಧ್ಯೆ ಒಂದು ಸ್ಟಾಪೂ ಇಲ್ಲ. ಲಿವರ್ ತಾನೇ ಏನ್ ಮಾಡುತ್ತೆ, ಬಂದಿದ್ದನ್ನ ಒಳಗೆ ಪೇರಿಸ್ಕೊಳ್ಳುತ್ತೆ. ಅದನ್ನ ನಾವು ಪುಡಿ ಹಾಕಿ ತೊಳೀತೀವಿ. ನಲ್ಲಿ ಹಾಗೇ ಬಿಟ್ಟು ನೆಲ ಒರೆಸೋದು ಅಂದ್ರೆ ಇದೇ.

"ಹಾರ್ಮೋನ್ ಗೀರ್ಮೋನ್ ಎಲ್ಲ ನೆಪ ಕಣೆ, ಬಾಯಿ ಕಟ್ಟಿ ವಾಕಿಂಗ್ ಮಾಡಿದ್ರೆ ಸರಿಹೋಗುತ್ತೆ" ಅಂತ ನಮ್ಮಣ್ಣ ಫೋನಲ್ಲಿ ಅಂದ. ವಾಕಿಂಗ್ ಮಾಡ್ಬೇಕು, ಇಲ್ಲ ಅಂದೋರ್ಯಾರು? ತೂಕದಲ್ಲಿ ನೂರಕ್ಕೆ 5 ಭಾಗ ಇಳಿದ್ರೇ ಲಿವರ್ ಕೊಬ್ಬು ಕರಗೋಕೆ ಶುರು, 7ರಿಂದ 10 ಇಳಿದ್ರೆ ಉರಿಯೂತಾನೂ ತಗ್ಗುತ್ತೆ. ಆದ್ರೆ ಕೊಬ್ಬು ಬರೀ ಗೋಡೌನ್ ಆಗಿದ್ರೆ ಇದಕ್ಕೆ ಉತ್ತರ ಹೇಳಲಿ ಅವನು: ಲೈಪೋಡಿಸ್ಟ್ರೋಫಿ ಅಂತ ಒಂದು ಅಪರೂಪದ ಕಾಯಿಲೆ, ಅದು ಪೂರ್ತಿ ಆವರಿಸಿದವ್ರಿಗೆ ಚರ್ಮದ ಕೆಳಗೆ ಕೊಬ್ಬು ಅನ್ನೋದೇ ಹೆಚ್ಚುಕಮ್ಮಿ ಇರಲ್ಲ, ನರ ಎಣಿಸ್ಬೋದು. ಅಂಥವ್ರಿಗೆ ಫ್ಯಾಟಿ ಲಿವರ್ ಭಯಂಕರವಾಗಿರುತ್ತೆ! ಕೊಬ್ಬಿಲ್ಲ, ಹಾಗಾಗಿ ಲೆಪ್ಟಿನ್ ಇಲ್ಲ, ತಿಂದಿದ್ದೆಲ್ಲ ಲಿವರ್‌ಗೆ. ಲೆಪ್ಟಿನ್ ಇಂಜೆಕ್ಷನ್ ಕೊಟ್ರೆ ಲಿವರ್ ಕೊಬ್ಬು ಇಳಿಯುತ್ತೆ, 2014ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೇ ಅಂತ ಅದಕ್ಕೆ ಪರ್ಮಿಷನ್ನೂ ಸಿಕ್ತು. (ನಮ್ಮಂಥವ್ರಿಗೆ ಅದು ಕೆಲ್ಸಕ್ಕೆ ಬರಲ್ಲ, ಇನ್‌ಬಾಕ್ಸಲ್ಲಿ ಎಲ್ಲಿ ಸಿಗುತ್ತೆ ಅಂತ ಕೇಳ್ಬೇಡಿ.) ಅಣ್ಣ "ಹ್ಞೂಂ" ಅಂತ ಫೋನ್ ಇಟ್ಟ.

ದೊಡ್ಡಪ್ಪನ್ನ ಬೈದೂ ಪ್ರಯೋಜನ ಇಲ್ಲ ಬಿಡಿ. ಡಾಕ್ಟರುಗಳೇ ಇದನ್ನ "ನಾನ್ ಆಲ್ಕೋಹಾಲಿಕ್" ಅಂತ ಕರೀತಿದ್ರು, ಕುಡಿಯದವ್ರ ಕಾಯಿಲೆಗೂ ಹೆಸರಲ್ಲಿ ಹೆಂಡ ಇಟ್ಕೊಂಡು. 2023ರಲ್ಲಿ ಅಂತೂ ಅದನ್ನ ತೆಗೆದು "ಮೆಟಬಾಲಿಕ್" ಅಂತ ಬದಲಾಯಿಸಿದ್ರು.

ಈಗ ಒಂದು ವಿಷ್ಯ ಹೇಳ್ಬೇಕು, ನಗಬಾರದು. ನನ್ನ ತೂಕ 54, ನೀವೆಲ್ಲ ಕಡ್ಡಿ ಅಂತೀರಲ್ಲ ಆ ನಾನು, ಹೋದ ತಿಂಗಳು ಬೇರೆ ಯಾವ್ದಕ್ಕೋ ಸ್ಕ್ಯಾನ್ ಮಾಡಿಸಿದಾಗ ರಿಪೋರ್ಟಲ್ಲಿ "ಗ್ರೇಡ್ 1 ಫ್ಯಾಟಿ ಲಿವರ್". ಮನೇಲಿ ಯಾರಿಗೂ ಹೇಳಿಲ್ಲ. ಪುಣೆಯ ಡಾ. ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ತಮ್ಮದೂ ಲಂಡನ್ನಿನ ಗೆಳೆಯ ಯಡ್ಕಿನ್‌ದೂ ಫೋಟೋ ಪಕ್ಕಪಕ್ಕ ಹಾಕಿದ್ರು, ಇಬ್ಬರ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ) 22.3, ಯಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡ 9.1, ಇವರ ಮೈಯಲ್ಲಿ 21.2. ನಾವು ಹಾಗೇ, ಕೈಕಾಲು ಕಡ್ಡಿ, ಬೊಜ್ಜೆಲ್ಲ ಹೊಟ್ಟೇಲಿ. ಅದಕ್ಕೇ ನಮ್ಮವ್ರಿಗೆ ಸೊಂಟದ ಅಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದ್ರ ಒಳಗಿರ್ಬೇಕು ಅನ್ನೋದು. ನಂದು 86. ಭಾವನಿಗೆ ಅಷ್ಟು ಪಾಠ ಮಾಡಿ ಬಂದೆನಲ್ಲ, ಅಂಕಲ್ ಕೊಟ್ಟ ಪುಡಿ ಸ್ಯಾಂಪಲ್ ಒಂದು ನನ್ನ ವ್ಯಾನಿಟಿ ಬ್ಯಾಗಲ್ಲೂ ಇದೆ. ಇನ್ನೂ ಎಸೆದಿಲ್ಲ.

ಬೆಳಿಗ್ಗೆ ಭಾವ ಫೋನ್ ಮಾಡಿದ್ರು. ಪಕ್ಕದ ಟೈಲರ್ ಹತ್ರ ಟೇಪ್ ಇಸ್ಕೊಂಡು ಬಂದಿದಾರಂತೆ. "ನನ್ ಪ್ಯಾಂಟ್ ಸೈಜ್ 36 ಕಣಮ್ಮ, ತೊಂದ್ರೆ ಇಲ್ಲ ಅಲ್ವಾ?" ಅಂದ್ರು. ಪ್ಯಾಂಟ್ ಹೊಟ್ಟೆ ಕೆಳಗೆ ಕಟ್ಟೋದು ಭಾವ, ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಮಧ್ಯೆ ಟೇಪ್ ಇಡಿ, ಉಸಿರು ಒಳಗೆ ಎಳ್ಕೋಬೇಡಿ ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹಿಂದಿಂದ ಅಕ್ಕನ ದನಿ ಕೇಳಿಸ್ತು, "106!"